ಗಜದ ಗುರುತು

ಎಲೆಕ್ಷನ್ ಮುಗಿದು ಇಪ್ಪತ್ತನೇ ದಿನ
ಕನಕಗಿರಿ ಠಾಣೆಯಿಂದ ಬಂದೂಕು ಬಿಡಿಸಿಕೊಂಡು ಬಂದೆ.
ಅದರ ಕೊರಳಿಗೆ ಸೆಣಬಿನ ದಾರ, ದಾರಕ್ಕೊಂದು ಚೀಟಿ:
ಹುಲಿಗೆವ್ವ ತಂದೆ ಯಂಕೋಬ ನಾಯಕ,
ಬೆಳೆ ರಕ್ಷಣೆಗೆ, ಒಂಟಿ ನಳಿಗೆ, ಬಾಯಿಂದ ತುಂಬುವುದು.
ರೈಟರ್ ರಾಜಾಸಾಬ ನಕ್ಕ,
"ಇದೇನಬೇ, ನಮ್ಮ ಮುತ್ಯಾನ ವಾರಿಗೀದು,
ಇನ್ನೂ ಉಸಿರೈತೇನು ಇದಕ್ಕ?"
ನನಗೆ ನಗು ಬರಲಿಲ್ಲ.
ಹಾಗೆ ಕೇಳುತ್ತಲೇ ಅವನು
ಅದರ ಬಾಯಿಗೆ ಕಣ್ಣು ಹಚ್ಚಿ ಒಳಗೆ ಇಣುಕುತ್ತಿದ್ದ.

"ಕಣ್ಣು ತಗೀ."
"ಖಾಲಿ ಐತಿ ಬಿಡಬೇ."

ಖಾಲಿ ಬಂದೂಕು ಅಂಬೋದು
ಇನ್ನೂ ಹುಟ್ಟಿಲ್ಲ ಮಗಳ, ಅಂತಿದ್ದ ಅಪ್ಪ.
ಹೇಳುವಾಗ ಬೆರಳೆತ್ತುತ್ತಿದ್ದ. ಇದ್ದದ್ದು ಒಂಬತ್ತು.
ಕೇಪು ಸಿಡಿದು ಮದ್ದು ಹತ್ತದಿದ್ದರೆ
ಬಾಯಿ ಗುಡ್ಡದ ಕಡೆಗೇ ಇರಲಿ,
ಅರವತ್ತು ಎಣಿಸು, ಆಮೇಲೆ ಕೈ ಇಡು.
ಅವನ ಹತ್ತನೇ ಬೆರಳಿಗೆ
ಮೂವತ್ತೇಳಕ್ಕೇ ಲೆಕ್ಕ ಸಾಕಾಗಿತ್ತು.

ಗಜದ ಮೇಲೆ ಒಂದು ಗೀರಿದೆ,
ಅಪ್ಪ ಕುಡಗೋಲಿನ ತುದಿಯಿಂದ ಕೊರೆದದ್ದು.
ನಳಿಗೆಯೊಳಗೆ ಗಜ ಬಿಟ್ಟಾಗ
ಗೀರು ಬಾಯಿಗೆ ಸಮ ನಿಂತರೆ ಏನೂ ಇಲ್ಲ.
ನಾಕು ಬೆರಳು ಮೇಲುಳಿದರೆ
ಒಳಗೆ ಮದ್ದು ಮಲಗಿದೆ, ಮಾತಾಡಬೇಡ.

ಅಂಗಳದಲ್ಲಿ ಕುದುರೆ ಎತ್ತಿ ನೋಡಿದೆ, ಕೇಪಿಲ್ಲ.
ಗಜ ಇಳಿಸಿದೆ.
ಗೀರು ಒಂದು ಗೇಣು ಮೇಲೆಯೇ ನಿಂತಿತು.

ಒಂದು ಗೇಣು!
ಠಾಣೆಯಲ್ಲಿ ಯಾವನಾದರೂ ಹುಡುಗ
ಆಟಕ್ಕೆ ತುಂಬಿದನೇ? ಅಥವಾ ನಾನೇ ಚೈತ್ರದಲ್ಲಿ
ಹಂದಿ ಸದ್ದಿಗೆ ತುಂಬಿಟ್ಟು ಮರೆತೆನೇ?
ಯಾರನ್ನು ಕೇಳಲಿ.
ತಮ್ಮನ ಮಗಳು ನಿಂಗಿಯನ್ನು ಒಳಗೆ ಕಳಿಸಿದೆ,
ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಸಿದೆ,
ಬೀಡಿ ಹಚ್ಚಿ ಬಂದ ಗಾದಿಲಿಂಗ ಮಾವನನ್ನು
ಬಾಗಿಲಾಚೆಗೇ ನಿಲ್ಲಿಸಿದೆ (ಇನ್ನೂ ಸಿಟ್ಟಲ್ಲಿದ್ದಾನೆ).
ನಳಿಗೆ ತುಂಬ ನೀರು ಹೊಯ್ದು
ಬಾಯಿ ಬಯಲಿಗೆ ಮಾಡಿ
ಬೇವಿನ ಕವಲಿಗೆ ಆನಿಸಿ ಇಟ್ಟೆ, ಒಂದು ರಾತ್ರಿ.

ಮುಂಜಾನೆ ಗಜದ ತುದಿಗೆ ತಿರುಪು ಹಾಕಿ
ಮೆಲ್ಲಗೆ ಎಳೆದರೆ
ಬಂದದ್ದು ಕರಿ ಮದ್ದಲ್ಲ, ಕೆಮ್ಮಣ್ಣು.
ಕುಂಬಾರ ಹುಳ ಮನೆ ಕಟ್ಟಿತ್ತು.
ಕೋಣೆಗೊಂದು ಗೋಡೆ, ಕೋಣೆಯಲ್ಲಿ
ಮರಿಗೆಂದು ಕೂಡಿಟ್ಟ ಪುಟ್ಟ ಜೇಡಗಳು,
ಕೊನೆಯದರಲ್ಲಿ ನೀರು ಕುಡಿದು ಬೆಳ್ಳಗಾದ
ಅಕ್ಕಿಕಾಳಿನಂಥ ಮರಿ.

ಎಷ್ಟು ಸಲ ಹಾರಿ ಬಂದಿರಬೇಕು ಅದು,
ಲಾಕಪ್ಪಿನ ಕಿಟಕಿಯಿಂದ, ಬಾಯಲ್ಲಿ ಮಣ್ಣುಂಡೆ ಹಿಡಿದು,
ಮದ್ದು ಕೂರುವ ಜಾಗದಲ್ಲಿ ತೊಟ್ಟಿಲು ಕಟ್ಟಲು.
ನೋಡದೆ ತುಂಬಿ ಹೊಡೆದಿದ್ದರೆ
ನಳಿಗೆ ಸೀಳಿ ನನ್ನ ಮುಖಕ್ಕೇ ಬರುತ್ತಿತ್ತು.
ಅದೂ ಖರೆ. ಆ ಮರಿಯನ್ನು ನಾನು ಮುಳುಗಿಸಿದೆ,
ಇದೂ ಖರೆ.

"ಅತ್ತೀ, ಹುಳಕ್ಕ ಲೈಸೆನ್ಸ್ ಇತ್ತೇನು?"
ಬಾಗಿಲಿಂದ ನಿಂಗಿ.

ಆಮೇಲೆ ದಿನವಿಡೀ ಅದೇ ಕೆಲಸ.
ಕುದಿನೀರು ಮೂರು ಚರಿಗೆ, ಮೊದಲನೆಯದು
ಕೊಳೆತ ತತ್ತಿಯ ನಾತ, ಇದ್ದಿಲ ಕಪ್ಪು;
ಹೋದ ಸಲದ ಹೊಗೆಯ ಉಪ್ಪು ಗಾಳಿಯ ಪಸೆ ಹೀರಿ
ಕಬ್ಬಿಣವನ್ನೇ ತಿನ್ನುತ್ತಿತ್ತು, ತಪ್ಪು ನನ್ನದು,
ಅವಸರದಲ್ಲಿ ತೊಳೆಯದೆ ಠಾಣೆಗೆ ಒಪ್ಪಿಸಿದ್ದೆ.
ಮೂರನೆಯದು ಬೆಳ್ಳಗೆ ಬಂತು.
ಹಳೆ ಇಳಕಲ್ ಸೀರೆಯ ಸೆರಗು ಹರಿದು
ಒಣಗಿಸಿ, ಕಿವಿಯ ತೂತಿಗೆ ಸೂಜಿ ಆಡಿಸಿ,
ಒಳಗೊಮ್ಮೆ ಹೊರಗೊಮ್ಮೆ ಕುಸುಬಿ ಎಣ್ಣೆ.
ಮದ್ದಿನ ಡಬ್ಬಿ ಅಟ್ಟದ ಮೇಲೆ, ಕೇಪು ಪೆಟ್ಟಿಗೆಯಲ್ಲಿ,
ಪೆಟ್ಟಿಗೆಯ ಕೀಲಿ ನನ್ನ ಸೊಂಟದಲ್ಲಿ.

ರಾತ್ರಿ ಶೇಂಗಾ ಹೊಲದ ಕಡೆ
ಗುರ್ರೆಂದವು. ಗುರ್ರೆನ್ನಲಿ,
ಇವತ್ತು ತಗಡು ಬಡಿದರೆ ಸಾಕು.
ಏಳುವ ಮುನ್ನ ನಿಂಗಿಯ ಕೈಗೆ ಗಜ ಕೊಟ್ಟೆ.
"ಈಗಷ್ಟೇ ತೊಳೆದೀಯಲ್ಲ?"
ಹೌದು. ಆದರೂ ಬಿಡು.
ಅವಳು ಬಿಟ್ಟಳು. ತಳ ಮುಟ್ಟಿದ ಸಪ್ಪಳ.
ದೀಪ ಹತ್ತಿರ ತಂದು ಇಬ್ಬರೂ ಬಗ್ಗಿ
ಪಕ್ಕದಿಂದ, ಪಕ್ಕದಿಂದಲೇ,
ಗೀರು ಎಲ್ಲಿದೆಯೆಂದು ನೋಡಿದೆವು.