ಎರಡು ಚೌಕ

ಮೌಲಾಲಿ ಹಚ್ಚಿ ಹೋಗಿ ಹತ್ತೊಂಬತ್ತು ದಿನ ಆತು,
ಗ್ವಾಡಿ ಮ್ಯಾಲ ಎರಡು ಚೌಕ,
ಗೇಣು ಉದ್ದ, ಗೇಣು ಅಗಲ.
ಎಡಕ್ಕ ಅರಿಶಿಣ.
ಬಲಕ್ಕ ನೀಲಿ, ಸಂಜಿ ಏಳರ ನೀಲಿ,
ದೀಪ ಹಚ್ಚಬೇಕೋ ಬ್ಯಾಡೋ ಅನ್ನೋ ಹೊತ್ತಿಂದು.
ಡಬ್ಬಿ ಮ್ಯಾಲಿನ ಹೆಸರು ಬ್ಯಾರೆ ಅವ,
ಓದಿದ್ರ ಮಿಠಾಯಿ ಅಂಗಡಿ ನೆನಪಾಗ್ತದ.

ರೇವಣಸಿದ್ದ ಅಂದ: ಅರಿಶಿಣ.
ಶಹಾಬಾದದ ಬಿಸಲು ನಾಕು ತಿಂಗಳು ಮನಿ ಒಳಗೇ ಇರ್ತದ,
ನೀಲಿ ಹಗಲೆಲ್ಲ ಕಾವು ಕುಡದು
ರಾತ್ರಿ ಹನ್ನೆರಡಕ್ಕ ಉಗುಳ್ತದ.
ಲೆಕ್ಕ ಖರೇ ಇದ್ದೀತು.
ಪರಸಿ ಕಡಿಯೋ ಮಷೀನಿನ ಮುಂದ ಇಪ್ಪತ್ತು ವರ್ಷ ನಿಂತವ,
ಯಾವ ಕಲ್ಲು ಕಾಯ್ತದ, ಯಾವುದು ಆರ್ತದ
ಅಂಗೈಗೇ ಗೊತ್ತು.

ನಾ ಅಂದೆ: ನೀಲಿ.
ಯಾಕ ಅಂದ.
ನೆಲ ಬೂದಿ, ಅಂಗಳ ಬೂದಿ,
ಅರಬಿ ಹಿಂಡಿದ್ರ ನೀರೂ ಬೂದಿ,
ಕಲ್ಲಿನ ಹುಡಿ ರೆಪ್ಪಿ ಮ್ಯಾಲ ಕೂತು
ನಲವತ್ತಕ್ಕೇ ಮುದುಕಿ ಮಾಡ್ತದ.
ಇದರಾಗ ಒಂದು ಗ್ವಾಡಿ,
ಒಂದೇ ಒಂದು,
ಯಾವ ಕೆಲಸಕ್ಕೂ ಬಾರದ ಬಣ್ಣದ್ದು ಬೇಕು ನನಗ
ಅನ್ನಲಿಕ್ಕೆ ಬಾಯಿ ಬರಲಿಲ್ಲ.
ಸೋಫಾಕ್ಕ ಹೊಂದ್ತದ ಅಂದೆ.
ಸೋಫಾ ನಮ್ಮನ್ಯಾಗ ಇಲ್ಲ.

ಅಷ್ಟರಾಗ ಅತ್ತಿ ಕಣ್ಣಿನ ಆಪರೇಷನ್ ಬಂತು.
ಕಲಬುರಗಿ ದವಾಖಾನಿ. ಬಲಗಣ್ಣು ಮೊದಲ,
ಎಡಗಣ್ಣು ದೀಪಾವಳಿ ಆದ ಮ್ಯಾಲ ಅಂದ್ರು.
ಪಟ್ಟಿ ಬಿಚ್ಚಿಸಿಕೊಂಡು ಬಂದ ಭಾಗಮ್ಮ
ಹೊಸ್ತಿಲಾಗೇ ನಿಂತಳು.
ಯಾರು ಹಚ್ಯಾರ ಸುಣ್ಣ?
ಯಾರೂ ಹಚ್ಚಿಲ್ಲ ಅತ್ತಿ, ಅದೇ ಹಳಿ ಗ್ವಾಡಿ.
ಸುಳ್ಳ ಹೇಳಬ್ಯಾಡ. ಇದು ಕೆನಿ ಇತ್ತು,
ಕಾದು ಕಾದು ಕೆಂಪಾದ ಹಾಲಿನ ಕೆನಿ.

ಬಲಗಣ್ಣು ಮುಚ್ಚಿದಳು: ನೋಡು, ಕೆನಿ.
ಎಡಗಣ್ಣು ಮುಚ್ಚಿದಳು: ಬಿಳಿ.
ಮತ್ತ ಮುಚ್ಚಿ ತಗದು, ಮುಚ್ಚಿ ತಗದು,
ಎಪ್ಪತ್ತೊಂದರ ಹೆಣ್ಣುಮಗಳು
ಬಾಗಲ ಚೌಕಟ್ಟು ಹಿಡಕೊಂಡು
ತನ್ನ ಮನಿಗೆ ತಾನೇ ಕಣ್ಣು ಹೊಡದಳು.

ನಾ ಚೀಲ ಕೆಳಗ ಇಡೋದು ಮರತೆ.
ಹನ್ನೊಂದು ವರ್ಷ,
ಸೀರಿ ಹೊಲಸದ, ಮತ್ತೊಮ್ಮಿ ಒಗಿ ಅಂದದ್ದು,
ಗರಿಗರಿ ಒಣಗಿದ ಬಿಳಿ ಸೀರಿ
ಮಡಚಿದ್ದನ್ನ ತಿರುಗಿ ಬಕೀಟಿಗೆ ಒಗದದ್ದು,
ನಾ ಹಲ್ಲು ಕಚ್ಚಿ ಸೋಪು ತಿಕ್ಕಿದ್ದು,
ತಿಕ್ಕತಾ ತಿಕ್ಕತಾ ಬೈದದ್ದು,
ಅಕಿ ಕಣ್ಣಾಗ ಕೂತ ಅರಿಶಿಣಕ್ಕ ಅಲ್ಲೇನು?

ರಾತ್ರಿ ಊಟ ಆಗಿ ರೇವಣಸಿದ್ದ ಕೇಳಿದ,
ಅವ್ವಾ, ನೀನೇ ಹೇಳು, ಎರಡರಾಗ ಯಾವುದು.
ಒಂದೊಂದೇ ಕಣ್ಣಿಲೆ ನೋಡಿದಳು, ಭಾಳ ಹೊತ್ತು.
ಎಡಗಣ್ಣಿಗೆ ನೀಲಿ ಅನ್ನೋದು ಮಸಿ ಅರಬಿ,
ಅರಿಶಿಣ ಅಂತೂ ಇಲ್ಲೇ ಇಲ್ಲ, ಬರೇ ಗ್ವಾಡಿ.
ಅದಕ್ಕ ರೊಕ್ಕ ಕೊಡ್ತೀರಿ?
ನನಗ ಇಷ್ಟು ವರ್ಷ ಪುಕ್ಕಟ್ಟೆ ಇತ್ತಲ್ಲೋ.
ಬಲಗಣ್ಣಿಲೆ ನೀಲಿ ನೋಡಿದಾಗ ಮಾತ್ರ
ಏನೂ ಅನಲಿಲ್ಲ.
ಎದ್ದು ಹೋಗಿ ಅದರ ಮ್ಯಾಲ ಅಂಗೈ ಇಟ್ಟಳು,
ಆಮ್ಯಾಲ ಅರಿಶಿಣದ ಮ್ಯಾಲ.
ಎರಡೂ ತಣ್ಣಗ ಅವ, ಅಂದಳು ಮಗಗ.

ಮೌಲಾಲಿ ಫೋನ್ ಮಾಡ್ತಾನ,
ಅಕ್ಕಾ, ಡಬ್ಬಿಯಾಗ ಬಣ್ಣ ಕೆನಿಗಟ್ಟಾಕತ್ತದ,
ಯಾವುದು ಹೇಳ್ರಿ.
ಇನ್ನೊಂದು ಕಣ್ಣು ಆಗಲಿ ತಡಿಯಪ್ಪಾ ಅಂತೀನಿ,
ಅವಗ ಅದು ಯಾವ ಲೆಕ್ಕ ಅಂತ ತಿಳಿಯಂಗಿಲ್ಲ.

ಇವತ್ತು ಐತವಾರ. ಹಗ್ಗದ ಮ್ಯಾಗಿನ ಸೀರಿ
ಅತ್ತಿ ತಾನೇ ತಗದಳು.
ಎಡಗಣ್ಣು ಮುಚ್ಚಿ, ಬಿಸಲಿಗೆ ಹಿಡದು,
ಅಂಚಿನಿಂದ ಅಂಚಿಗೆ ನೋಡಿ
ಮಡಚಿ
ಟ್ರಂಕಿನಾಗ ಇಟ್ಟಳು.