ಐದು ಬಾಯಿ, ಒಂದು ಹೊಟ್ಟೆ

ಮಂಡಿಪೇಟೆಯ ಅಂಗಡಿಯಲ್ಲಿ ಹನ್ನೊಂದು ಸಾವಿರದ ಡಬ್ಬಿ.
ಸುತ್ತ ಐದು ಬಾಯಿ, ಕೆಳಗೆ ಒಂದು ಹೊಟ್ಟೆ.
‘ಕಣ್ಣು ಮುಚ್ಚಿ ತಗೊಳ್ರಿ’ ಎಂದ ಅಂಗಡಿಯವನು.
ಹಾಗೆ ಕಣ್ಣು ಮುಚ್ಚಿ ತಂದ ಟೇಬಲ್ ಫ್ಯಾನು
ಈಗ ಟವೆಲ್ಲು ಒಣಹಾಕಲು ಆಗಿದೆ ನಮ್ಮಲ್ಲಿ.
ಅದಕ್ಕೇ ಈ ಸಲ
ಕೊಂಡವರನ್ನೇ ಕೇಳೋಣವೆಂದು ಮೊಪೆಡ್ ಹತ್ತಿದೆ.

ಭಟ್ಟಿಯ ಮುಂದೆ ದಾದಾಪೀರ್,
ಹುಬ್ಬಿಗೂ ಬೂದಿ, ಕೈಯಲ್ಲಿ ಜರಡಿ.
‘ಬೇಸ್ ಬಗ್ಗೆ ಎರಡು ಮಾತಿಲ್ಲ.
ಆದ್ರೆ ಒಂದೂವರೆ ತಾಸಿಗೆ ಕಾದು ಕೂರ್ತತಿ,
ಮ್ಯಾಲೆ ಹಿಡಿ ಅಕ್ಕಿ ಚೆಲ್ಲಿದ್ರೆ ಮಂಡಕ್ಕಿ.’
ನಕ್ಕ. ಜರಡಿ ಎರಡು ಸಲ ಆಡಿಸಿದ ಮೇಲೆ,
‘ಹಿಂದಿನ ಎಡಗಡೆ ಸ್ಪೀಕರು ತಂದ ದಿನದಿಂದ ಮೂಗ.
ಬದಲಿ ಕೊಡ್ತೀವಿ ಅಂದಿದ್ರು.
ಈಗ ಅದರ ಮ್ಯಾಲೆ ಗಡಿಯಾರ ಇಟ್ಟೀವಿ.’

ನಿಟುವಳ್ಳಿಯ ಅನಸೂಯ ಹೊಲಿಗೆ ಯಂತ್ರದ ಕಾಲು ನಿಲ್ಲಿಸಲಿಲ್ಲ:
‘ಹೊಡೆದಾಟ ಓಣಿಗೆಲ್ಲ ಕೇಳ್ತತಿ,
ಮಾತು ನನಗೇ ಕೇಳಂಗಿಲ್ಲ.
ಸಾಯೋ ಸೀನಿನಾಗೆ ಆ ತಾಯಿ ಮಗನಿಗೆ ಏನೋ ಹೇಳ್ತಾಳೆ,
ಏನಂತ ಇವತ್ತಿಗೂ ತಿಳಿದಿಲ್ಲ.
ಮೂರು ಸಲ ನೋಡೀನಿ.’
ಹಾಗಾದರೆ ಬೇಡ ಅಂತೀರಾ ಎಂದರೆ
ದಾರ ಹಲ್ಲಲ್ಲಿ ಕಡಿದು ‘ಹಂಗೇನಿಲ್ಲ’ ಎಂದಳು.

ಡ್ರಾಯಿಂಗ್ ಮೇಷ್ಟ್ರು ವೃಷಭೇಂದ್ರಯ್ಯ
ಪ್ಲಾಸ್ಟಿಕ್ಕನ್ನೂ ಕಿತ್ತಿಲ್ಲ. ಮೇಲೊಂದು ಕಸೂತಿಯ ಮುಸುಕು.
ಗುಂಡಗಿನ ಅಕ್ಷರದಲ್ಲಿ ಬರೆದ ಹಾಳೆಯೊಂದನ್ನು ಕೊಟ್ಟರು:
ಮೊದಲು ಟೀವಿ. ಆಮೇಲೆ ಡಬ್ಬಿ.
ಹನ್ನೊಂದರವರೆಗೆ ಎಣಿಸುವುದು. ಅನಂತರವೇ ಶಬ್ದ.
‘ಬೆಲೆಗೆ ತಕ್ಕದ್ದಲ್ಲ, ಬೆಲೆಗೆ ಮೀರಿದ್ದು’ ಎಂದರು
ತಾವೇ ಕೂತು ಮಾಡಿದ್ದೇನೋ ಎಂಬಂತೆ.
ಹಾಕಿ ತೋರಿಸಲಿಲ್ಲ. ಸೋಮವಾರ ಕರೆಂಟು ಏರಿಳಿತವಂತೆ.

ಒಂದು ದೂರು ಮಾತ್ರ ಎಲ್ಲರದೂ:
ಏನೂ ಹಾಕದಿದ್ದರೂ ಒಳಗೆ ಗುಂಯ್ ಅನ್ನುತ್ತದೆ.

ಕೊಟ್ರಬಸಪ್ಪನ ಮನೆಯಲ್ಲಿ ಟೀವಿ ಆರಿತ್ತು.
ಹೊಟ್ಟೆಯ ಮೇಲೆ ಬರಿಗಾಲು ಎರಡನ್ನೂ ಇಟ್ಟು ಕೂತಿದ್ದ.
ಹತ್ತಿಗಿರಣಿ, ಮಗ್ಗದ ಖಾತೆ, ಇಪ್ಪತ್ತಾರು ವರ್ಷ;
ಗಿರಣಿ ಮೊದಲು ಕಿವಿ ತಗೊಂಡಿತು, ಆಮೇಲೆ ಕೆಲಸ.
ನನ್ನ ಪ್ರಶ್ನೆಯನ್ನು ಮೊಮ್ಮಗಳು ಸ್ಲೇಟಿನ ಮೇಲೆ ಬರೆದಳು.
ಓದಿದ. ಕಾಲು ತೆಗೆಯಲಿಲ್ಲ.
‘ಸಿನಿಮಾ ಇವರಿಗೆ. ನನಗೆ ಇದು.
ಎರಡನೇ ಪಾಳಿ, ನೂಲು ಏರಿಸೋಕೆ ಮುಂಚೆ,
ಖಾಲಿ ಮಗ್ಗ ನಿಂತಲ್ಲೇ ನಡುಗ್ತಿದ್ವಲ್ಲ,
ಅಂಗಾಲಿಗೆ ಬರ್ತತಿ.’
ಎದುರು ಮನೆಯವರು ಹೊರಗೆ ಬಂದು ನೋಡುವಷ್ಟು
ಗಟ್ಟಿಯಾಗಿ ಹೇಳಿದ.

ಕೊಂಡೆ.

ಹದಿನಾಲ್ಕು ವರ್ಷ ಇದೇ ದಾವಣಗೆರೆಯ ಟಾಕೀಸೊಂದರ
ಸೈಕಲ್ ಸ್ಟ್ಯಾಂಡಿನಲ್ಲಿ ಕೂತವನು ನಾನು.
ಸಿನಿಮಾ ಎಂದರೆ ಗೋಡೆಯಾಚೆಯ ಸದ್ದು:
ಹಾಡಿಗೆ ಬೀಡಿ, ಫೈಟಿಗೆ ಚಹಾ,
ಕೊನೆಯ ಸೀಟಿ ಬಿದ್ದರೆ ಏಳಬೇಕು, ಚೀಟಿ ನೋಡಿ ಸೈಕಲ್ ಬಿಡಲು.
ಒಮ್ಮೆ ನಟ್ಟನಡುವೆ ಕೂರಬೇಕೆಂಬ ಆಸೆ, ಅಷ್ಟೆ.

ಭಾನುವಾರ ಕುರ್ಚಿ ಹಾಕಿ ಕೂತೆ. ಹನ್ನೊಂದು ಎಣಿಸಿದೆ.
ಐದೂ ಬಾಯಿ ಒಮ್ಮೆಗೇ ತೆರೆದವು.
ಯಾರೋ ಕರೆದಂತಾಗಿ ಎರಡು ಸಲ ತಿರುಗಿ ನೋಡಿದೆ.
ಕುದುರೆಯೊಂದು ನಮ್ಮ ಅಡುಗೆಮನೆಯಿಂದ ಓಡಿ ಬಂತು.
ಹಾಲು ಇಳಿಸಲು ಎದ್ದ ಹೆಂಡತಿ
ಇಕ್ಕಳ ಕೈಯಲ್ಲೇ ಹಿಡಿದು ನಗುತ್ತ ನಿಂತಳು.
ಇಂಟರ್ವಲ್ಲಿಗೆ ಮೊದಲೇ ಹೊರಗೆ ಬಂದೆ.
ಮೊಪೆಡ್ಡಿನ ಪಕ್ಕ
ಗೋಡೆಗೆ ಬೆನ್ನು ಕೊಟ್ಟು
ಬೀಡಿ ಹಚ್ಚಿದೆ.

ಮೊನ್ನೆ ಹದಡಿ ಕಡೆಯ ಹುಡುಗನೊಬ್ಬ ಬಂದಿದ್ದ,
‘ನೀವು ತಗೊಂಡೀರಂತಲ್ಲ, ಹೆಂಗೈತಿ ಅಣ್ಣ?’
‘ಒಳಗಿನದು ಮನೆಯವಳನ್ನ ಕೇಳು’ ಅಂದೆ.
‘ಹೊರಗೆ ಚಲೋ ಕೇಳಸ್ತತಿ.’