ಒಂದೇ ತಗಡಿನ ಬೋರ್ಡು

ಪೇಂಟರ್ ಇಸ್ಮಾಯಿಲ್ ಸಾಬರ ಮಗ ಉಪ್ಪುಕಾಗದ ಹಿಡಿದು
ಬೆಳಗಿನಿಂದ ಉಜ್ಜುತ್ತಿದ್ದಾನೆ ನನ್ನ ಬೋರ್ಡನ್ನು.
'ಫ್ಲೆಕ್ಸ್ ಮಾಡಿಸಿಬಿಡಿ ಅಮ್ಮ, ಅಗ್ಗ' ಅಂದ.
ಬೇಡ ಅಂದೆ. ಸಾಲಗಾಮೆ ರಸ್ತೆಗೆ ಮುಖ ಮಾಡಿ
ಸುಮಾರು ನಲವತ್ತು ವರ್ಷ ನಿಂತ ತಗಡು,
ಅವೇ ನಾಲ್ಕು ತೂತು, ಲಾರಿ ತಾಗಿ ಬಾಗಿದ ಅದೇ ಮೂಲೆ.

ಮೊದಲು ನೀಲಿ ಹೋಯಿತು:
ಶುದ್ಧ ನೀರು, ಕ್ಯಾನಿಗೆ ಇಪ್ಪತ್ತು ಲೀಟರು.
ಅದರಡಿ ಹಸಿರು: ಜೆರಾಕ್ಸ್, ಲ್ಯಾಮಿನೇಷನ್,
ಎಲ್ಲಾ ತರಹದ ಅರ್ಜಿ ಸಿಗುತ್ತವೆ.
ಅದರಡಿ ಹಳದಿಯಲ್ಲಿ ಕಪ್ಪು: ಎಸ್‌ಟಿಡಿ, ಪಿಸಿಒ.
ರಾತ್ರಿ ಹನ್ನೊಂದರ ಮೇಲೆ ಕಾಲು ದರ, ಬಾಗಿಲ ತನಕ ಸಾಲು.
ಒಬ್ಬ ಹುಡುಗಿ ನಂಬರು ಒತ್ತಿ, ಅತ್ತ ಕಡೆ 'ಹಲೋ' ಕೇಳಿ,
ಏನೂ ಮಾತಾಡದೆ ಮೂರು ನಿಮಿಷ ನಿಂತು ಇಟ್ಟಳು.
ಆ ಬಿಲ್ಲು ನಾನೇ ಹರಿದೆ.
ಲೆಕ್ಕದಲ್ಲಿ ಅದಿಲ್ಲ.

ಉಜ್ಜು ಮಗ, ಇನ್ನೂ ಇದೆ.
ಕೆಂಪು: ವಿಡಿಯೋ ಲೈಬ್ರರಿ, ದಿನಕ್ಕೆ ಹತ್ತು ರೂಪಾಯಿ.
ಒಂದೇ ಮಳೆಗಾಲಕ್ಕೆ ಮುನ್ನೂರು ಕ್ಯಾಸೆಟ್ಟಿಗೂ ಬೂಷ್ಟು.
ಕಂದು: ಬಿತ್ತನೆ ಆಲೂಗಡ್ಡೆ, ಜಲಂಧರದ ಮಾಲು.
ಎರಡು ವರ್ಷ ಕೈ ಹಿಡಿಯಿತು, ಮೂರನೇ ವರ್ಷ ಅಂಗಮಾರಿ.
ಮೂಟೆ ಒಯ್ದವರು ಅಂಗಡಿ ಮುಂದೆ ಕೂತರು.
ಅರ್ಧ ದುಡ್ಡು ಹಿಂದಿರುಗಿಸಿದೆ; ಬಳೆ ಹೋಯಿತು, ಓಲೆ ಉಳಿಯಿತು.
'ಡಿಗ್ರಿ ಮಾಡಿದವಳಿಗೆ ಯಾಕಮ್ಮ ಮಂಡಿ ವ್ಯಾಪಾರ?' ಅಂದಿದ್ದ ಮಾವ
ಆ ಒಂದು ದಿನ ಮಾತ್ರ ಏನೂ ಅನ್ನಲಿಲ್ಲ.

ಡಿಗ್ರಿ. ಹ್ಞೂಂ.
ಭೂವಿಜ್ಞಾನದ ತರಗತಿ, ಹನ್ನೊಂದು ಹುಡುಗರು, ನಾನು.
ಹಾಜರಿ ಕರೆದ ಮೊದಲ ದಿನವೇ ಅಡವೀಶಯ್ಯ ಮೇಷ್ಟ್ರು
'ರತ್ನಪ್ರಭ!' ಅಂದು ಕನ್ನಡಕ ಏರಿಸಿ ನೋಡಿದರು,
'ಓಹೋ, ರತ್ನವೇ ಕಲ್ಲು ಓದಲಿಕ್ಕೆ ಬಂದಿದೆ.'
ಅಲ್ಲಿಂದ ಮೂರು ವರ್ಷ ನನಗೆ 'ಕಲ್ಲು' ಅಂತಲೇ ಹೆಸರು.
ಬೈರಾಪುರದ ಗಣಿಗೆ ಹೋದಾಗ, ಕುರುಚಲು ಕಾಡು, ಸುಡು ಬಿಸಿಲು,
ಹುಡುಗರು ಹೇಗೋ ಪೊದೆಯ ಹಿಂದೆ ಹೋಗಿ ಬಂದರು,
ನಾನು ನೀರೇ ಕುಡಿಯದೆ ಸಂಜೆ ತನಕ.
ಮೇಸ್ತ್ರಿಯ ಹೆಂಡತಿ ಮುಖ ನೋಡಿಯೇ ತಿಳಿದು
ಕೈ ಹಿಡಿದು ಮನೆಗೆ ಕರೆದೊಯ್ದಳು.
ಆಮೇಲೆ ಕೊಟ್ಟ ಮಜ್ಜಿಗೆಯನ್ನು ಈಗಲೂ ಕುಡಿಯುತ್ತಿದ್ದೇನೆ.

ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಅದಿರನ್ನು ಗೀರಿ
ಮೇಷ್ಟ್ರು ತೋರಿಸಿದ್ದರು: ಕಲ್ಲು ಕಪ್ಪು, ಗೀರು ಕಂದು.
'ಮೈ ಬಣ್ಣ ನಂಬಬೇಡಿ, ಗೀರಿದ ಬಣ್ಣ ನಂಬಿ.'
ಸಾಲ ಕೇಳಿ ಬಂದವರನ್ನೆಲ್ಲ
ಮನಸ್ಸಿನ ಬಿಲ್ಲೆಗೆ ಗೀರಿ ನೋಡಿದ್ದೇನೆ ನಾನು.
ನೂರಕ್ಕೆ ಎಂಬತ್ತು ಸರಿ ಬಂತು.
ಉಳಿದ ಇಪ್ಪತ್ತೇ ಮುಳುಗಿಸಿದ್ದು.
ಇನ್ನೊಂದು ಮಾತು: 'ಅಡಿಯ ಪದರ ಹಳೆಯದು, ಮೇಲಿನದು ಹೊಸದು,
ನೆಲ ಮಗುಚಿರದಿದ್ದರೆ.'
ಆ ಕೊನೆಯ ಎರಡು ಪದ ಪರೀಕ್ಷೆಯಲ್ಲಿ ಬಿಟ್ಟು
ಎರಡು ಅಂಕ ಕಳೆದುಕೊಂಡೆ.

'ಅಮ್ಮ, ಇಲ್ಲೇನೋ ಸುಣ್ಣದ ಬಿಳಿ ಅಕ್ಷರ' ಅಂದ ಹುಡುಗ.
ಎದ್ದು ಹೋದೆ. ಮಂಡಿ ನೋವು ಜೊತೆಗೇ ಎದ್ದಿತು.
ಭೂವಿಜ್ಞಾನ ಸಂಘ, ವಸ್ತುಪ್ರದಶನ, ೧೯೮೩.
ನನ್ನದೇ ಕೈಬರಹ, ಅರ್ಕಾವತ್ತು ನುಂಗಿಕೊಂಡು.
ಉದ್ಘಾಟನೆಯ ಹೊತ್ತಿಗೆ ಅದನ್ನು ಕಂಡು ಹಿಡಿದವನು ಚೆಲುವರಾಜ,
ಹೂವಿನ ಹಾರವನ್ನು ಸರಿಯಾಗಿ ಆ ಜಾಗಕ್ಕೇ ಇಳಿಬಿಟ್ಟವನೂ ಅವನೇ.
ಮುಖ್ಯ ಅತಿಥಿಗೆ ತಪ್ಪು ಕಾಣಲಿಲ್ಲ.
ನಾವು ಹಿಂದಿನ ಬೆಂಚಿನಲ್ಲಿ ನಕ್ಕು ನಕ್ಕು
ಸ್ಫಟಿಕದ ಪೆಟ್ಟಿಗೆ ಬೀಳಿಸಿದೆವು.
ಕೊನೆಯ ವರ್ಷ ಕಸದ ಜೊತೆ ಹೊರಗಿಟ್ಟಿದ್ದ ತಗಡನ್ನು
ಸೈಕಲ್ಲಿನ ಹಿಂದೆ ಕಟ್ಟಿ ಮನೆಗೆ ತಂದುಕೊಟ್ಟವನು...
ಬಿಡಿ, ಅವನೂ ಹೋಗಿ ಆರು ವರ್ಷ.

'ಒಂದು ಒತ್ತು ಬಿಟ್ಟೋಗಿದೆ, ಹಾಕಿಬಿಡಲಾ?'
ಬೇಡಪ್ಪ. ಹಾಗೇ ಮುಚ್ಚು.
ಒಂದು ಕೋಟು ಬಿಳಿ ಬಳಿ, ಒಣಗಲಿ,
ಮೇಲೆ ದಪ್ಪಕ್ಕೆ ಬರೆ:
ರುಬ್ಬಿದ ದೋಸೆ ಹಿಟ್ಟು ಸಿಗುತ್ತದೆ.
'ಕೆ.ಜಿ.ಗೆ ಎಷ್ಟು ಅಂತ ಬರೀಲಿ?'
ದರ ಬರೆಯಬೇಡ.
ದರ ಬದಲಾಗುತ್ತೆ.